ಮನೆಮಂದಿಯೆಲ್ಲ ಸೇರಿ ಬಯಲಿಗೆ ನಡೆದು ಬರುವುದು ಹೇಗೆ: ಅಜ್ಜಿಯಿಂದ ಮೊಮ್ಮಗುವಿನವರೆಗೆ ಯಾರೂ ಸೋಲದ ಹಾಗೆ ಹಂತ ಹಂತದ ಮಾರ್ಗದರ್ಶಿ

ಹಬ್ಬಕ್ಕೆ ಎಲ್ಲರೂ ಬಂದು ಸೇರಿದರೆ ಚಿತ್ರದುರ್ಗದ ನಮ್ಮ ಮನೆಯಲ್ಲಿ 17 ಮಂದಿ. 78 ವರ್ಷದ ಅಜ್ಜಿ, ಮಂಡಿನೋವಿನ ದೊಡ್ಡಪ್ಪ, ಸಕ್ಕರೆ ಕಾಯಿಲೆಯ ಅತ್ತೆ, ಒಂದು ಕಡೆ ನಿಲ್ಲದ ಆರು ಮಕ್ಕಳು. ಇಂಥ ಮನೆಗಳು ದುರ್ಗ, ದಾವಣಗೆರೆ ಕಡೆ ಇನ್ನೂ ಬೇಕಾದಷ್ಟಿವೆ. ರಜೆ ಬಂತು ಅಂದರೆ ಎಲ್ಲರೂ ಸೇರಿ ಕೆರೆ ಕಡೆ, ಗುಡ್ಡದ ಕಡೆ ನಡೆದು ಬರೋಣ ಅಂತ ಹೊರಡುತ್ತಾರೆ. ಹೆಚ್ಚಿನವರು ಒಂದೇ ರೀತಿ ಸೋತು ಬರುತ್ತಾರೆ.

ಏಳಕ್ಕೆ ಹೊರಡೋಣ ಅಂದದ್ದು ಹತ್ತೂವರೆ ಆಗುತ್ತದೆ. ಹುಡುಗರು ಮುಂದೆ ಓಡುತ್ತಾರೆ, ಅಜ್ಜಿ ಹಿಂದೆ ಉಳಿಯುತ್ತಾರೆ, ನಡುವೆ ಇರುವವರಿಗೆ ಯಾರ ಜೊತೆ ಹೋಗಬೇಕೋ ತಿಳಿಯುವುದಿಲ್ಲ. ಮೂರೂವರೆಗೆ ಎದ್ದು ರೊಟ್ಟಿ ತಟ್ಟಿದ ಸೊಸೆ ಮರದ ನೆರಳು ಕಂಡ ಕೂಡಲೇ ಕೂತುಬಿಡುತ್ತಾಳೆ. ಹನ್ನೆರಡರ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ, ನೀರು ಮುಗಿದಿರುತ್ತದೆ, ಚಿಕ್ಕ ಮಗು ಎತ್ತಿಕೋ ಅಂತ ಹಟ ಹಿಡಿದಿರುತ್ತದೆ. ಮನೆಗೆ ಬಂದ ಮೇಲೆ ದೊಡ್ಡವರು ಹೇಳುವ ಮಾತು ಒಂದೇ: "ಇನ್ನೊಂದ್ಸಲ ಇಂಥದ್ದು ಬ್ಯಾಡ್ರಪ್ಪ."

ಇಷ್ಟಕ್ಕೆಲ್ಲ ಕಾರಣ ನಿರ್ಧಾರಗಳು ತಲೆಕೆಳಗಾಗಿರುವುದು. ಮೊದಲು ಜಾಗ, ಆಮೇಲೆ ಅಡುಗೆ, ಆಮೇಲೆ ಗಾಡಿ, ಕೊನೆಗೆ ಹೊತ್ತು ಅಂತ ಮಾತಾಡುತ್ತೇವೆ. ಮೊದಲು ಗೊತ್ತಾಗಬೇಕಾದದ್ದು ವಾಪಸ್ ಬರುವ ಹೊತ್ತು. ಅದರ ಮೇಲೆ ದೂರ, ದೂರದ ಮೇಲೆ ಜಾಗ, ಜಾಗದ ಮೇಲೆ ಬುತ್ತಿ. ಕೆಳಗಿನ ಹಂತಗಳನ್ನು ಈ ಕ್ರಮದಲ್ಲೇ ಮಾಡಿ. ಒಂದನ್ನು ಹಾರಿಸಿ ಮುಂದಿನದಕ್ಕೆ ಹೋದರೆ ಮತ್ತೆ ಅದೇ ಹತ್ತೂವರೆಗೆ ಬಂದು ನಿಲ್ಲುತ್ತೀರಿ.

ಹಂತ 1: ವಾಪಸ್ ಬರುವ ಹೊತ್ತು ಮೊದಲು ಬರೆದಿಡಿ

ನಮ್ಮ ಬಯಲುಸೀಮೆಯಲ್ಲಿ ದೊಡ್ಡ ಸಂಸಾರ ನಡೆಯಲು ಒಳ್ಳೆಯ ಕಾಲ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ. ಮಾರ್ಚ್‌ನಿಂದ ಮೇ ತನಕ ಬೇಡವೇ ಬೇಡ. ಮಳೆಗಾಲದಲ್ಲಿ ಎರೆಹೊಲದ ಕಡೆ ಹೋದರೆ ಚಪ್ಪಲಿಗೆ ಮಣ್ಣು ಅಂಟಿ ಒಂದೊಂದು ಕಾಲೂ ಎರಡು ಸೇರು ತೂಗುತ್ತದೆ. ಆಗ ಕೆಮ್ಮಣ್ಣಿನ ಅಥವಾ ಗರಸು ನೆಲದ ದಾರಿಯೇ ಸರಿ.

ಚಳಿಗಾಲದಲ್ಲೂ ಹತ್ತೂವರೆ ದಾಟಿದರೆ ಇಲ್ಲಿಯ ಬಂಡೆ, ಗರಸು ಎರಡೂ ಕಾಯಲು ಶುರು. ಆದ್ದರಿಂದ ಬೆಳಿಗ್ಗೆ 10ಕ್ಕೆ ನಡಿಗೆ ಮುಗಿದು ಎಲ್ಲರೂ ಗಾಡಿಯ ಹತ್ತಿರ ಇರಬೇಕು ಅಂತ ಲೆಕ್ಕ ಇಟ್ಟುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಬನ್ನಿ: 7ಕ್ಕೆ ನಡಿಗೆ ಶುರು, 6.30ಕ್ಕೆ ಮನೆ ಬಾಗಿಲಿಗೆ ಬೀಗ. ಡಿಸೆಂಬರ್‌ನಲ್ಲಿ ಆ ಹೊತ್ತಿಗೆ ಬೆಳಕು ಮೂಡಿರುತ್ತದೆ, ದಾರಿ ಕಾಣುತ್ತದೆ.

ಸಂಜೆ ನಾಲ್ಕಕ್ಕೆ ಹೊರಟರೆ ಆಗದೇ ಅಂತ ಕೇಳುವವರಿದ್ದಾರೆ. ನಾಲ್ಕೈದು ಜನ ಆದರೆ ಆದೀತು. ಹದಿನೈದು ಜನಕ್ಕೆ ಬೇಡ. ಚಳಿಗಾಲದಲ್ಲಿ ಆರರ ಸುಮಾರಿಗೆ ಹೊತ್ತು ಮುಳುಗುತ್ತದೆ, ಒಬ್ಬರ ಚಪ್ಪಲಿ ಕಿತ್ತುಹೋದರೂ ಕತ್ತಲೆ ದಾರಿಯಲ್ಲೇ ಹಿಡಿಯುತ್ತದೆ. ಹಾವುಗಳು ಹೊರಬರುವ ಹೊತ್ತೂ ಅದೇ.

ಈ ಹೊತ್ತನ್ನು ಕಾಗದದ ಮೇಲೆ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ. ಬಾಯಲ್ಲಿ ಹೇಳಿದ ಹೊತ್ತು ದೊಡ್ಡ ಮನೆಯಲ್ಲಿ ನಿಲ್ಲುವುದಿಲ್ಲ.

ಹಂತ 2: ಎಲ್ಲರಿಗಿಂತ ಮೆಲ್ಲಗೆ ನಡೆಯುವವರ ಕಾಲು ಅಳೆಯಿರಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಯಾರೂ ಮಾಡದ ಹಂತವೂ ಇದೇ.

ಹೊರಡುವ ವಾರದಲ್ಲಿ ಒಂದು ಸಂಜೆ ನಿಮ್ಮ ಮನೆಯ ಅತಿ ಹಿರಿಯರನ್ನೂ ಎತ್ತಿಕೊಳ್ಳದೆ ನಡೆಸಬೇಕಾದ ಅತಿ ಚಿಕ್ಕ ಮಗುವನ್ನೂ ಕರೆದುಕೊಂಡು ಬೀದಿಯಲ್ಲಿ 15 ನಿಮಿಷ ನಡೆಯಿರಿ. ಅವಸರ ಮಾಡಬೇಡಿ, ಅವರ ಪಾಡಿಗೆ ನಡೆಯಲಿ. ಮೊಬೈಲಿನ ನಕ್ಷೆಯಲ್ಲಿ ಎಷ್ಟು ದೂರ ಆಯಿತು ನೋಡಿ. ನಮ್ಮಲ್ಲಿ ಅಜ್ಜಿ ಮತ್ತು ನಾಲ್ಕು ವರ್ಷದ ಮೊಮ್ಮಗಳು ಸೇರಿ 400 ಮೀಟರ್ ನಡೆದರು. ಅಂದರೆ ಗಂಟೆಗೆ 1.6 ಕಿಲೋಮೀಟರ್. ಅದು ಸಿಮೆಂಟ್ ರಸ್ತೆಯ ಲೆಕ್ಕ. ಗರಸು ದಾರಿ, ನಡುವೆ ನಿಲ್ಲುವುದು, ನೀರು ಕುಡಿಯುವುದು ಎಲ್ಲ ಸೇರಿದರೆ ಕಾಲುಭಾಗ ಕಳೆಯಿರಿ. ಗಂಟೆಗೆ 1.2 ಕಿಲೋಮೀಟರ್ ಉಳಿಯುತ್ತದೆ.

ಈಗ ದೂರ ತಾನಾಗಿ ಸಿಗುತ್ತದೆ. 7ರಿಂದ 10ಕ್ಕೆ ಮೂರು ಗಂಟೆ. ತಿಂಡಿಗೆ ಮುಕ್ಕಾಲು ಗಂಟೆ ತೆಗೆದರೆ ನಡಿಗೆಗೆ ಎರಡೂಕಾಲು ಗಂಟೆ. ಹೋಗಿ ಬರುವುದು ಸೇರಿ 2.7 ಕಿಲೋಮೀಟರ್, ಹೋಗುವುದು ಬರೀ 1.3. ಇದನ್ನು ಕೇಳಿ ನಮ್ಮ ಮನೆಯ ಹುಡುಗರು ಮುಖ ಸಪ್ಪೆ ಮಾಡಿಕೊಂಡರು, ಇಷ್ಟಕ್ಕೆ ಇಷ್ಟೆಲ್ಲ ತಯಾರಿಯೇ ಅಂತ. ಆದರೆ ಆ ದಿನ ಅಜ್ಜಿ ಮೊದಲ ಸಲ ಕೆರೆ ಏರಿಯ ಆ ತುದಿಯವರೆಗೆ ತಮ್ಮ ಕಾಲಲ್ಲೇ ಹೋಗಿ ಬಂದರು. ಅದಕ್ಕಿಂತ ದೊಡ್ಡ ದೂರ ನನಗೆ ಬೇಕಿಲ್ಲ.

ಬೇರೆ ಮನೆಯವರ ಅಳತೆ ನಿಮಗೆ ಆಗುವುದಿಲ್ಲ. ನಿಮ್ಮ ಮನೆಯ ಕಾಲನ್ನೇ ಅಳೆಯಿರಿ.

ಮಂಡಿನೋವು ಇರುವವರಿಗೆ ಏರುವುದಕ್ಕಿಂತ ಇಳಿಯುವುದು ಕಷ್ಟ. ಹತ್ತುವಾಗ ನಗುನಗುತ್ತಾ ಹತ್ತಿದ ದೊಡ್ಡಪ್ಪ ಇಳಿಯುವಾಗ ಪ್ರತಿ ಮೆಟ್ಟಿಲಿಗೂ ನಿಲ್ಲುತ್ತಾರೆ. ಮನೆಯಲ್ಲಿ ಒಬ್ಬರಿಗಾದರೂ ಮಂಡಿಯ ತೊಂದರೆ ಇದ್ದರೆ ಗುಡ್ಡವನ್ನು ಪಟ್ಟಿಯಿಂದ ತೆಗೆಯಿರಿ, ಸಮತಟ್ಟು ದಾರಿ ಹಿಡಿಯಿರಿ.

ಹಂತ 3: ದೂರ ಗೊತ್ತಾದ ಮೇಲೆ ಜಾಗ ಆರಿಸಿ

ಮೊದಲ ಸಲಕ್ಕೆ ನಾನು ಹೇಳುವುದು ಸ್ವಂತ ಹೊಲ, ಇಲ್ಲವೇ ನೆಂಟರ ಹೊಲ. ಸೀಗೆ ಹುಣ್ಣಿಮೆಗೋ ಎಳ್ಳಮಾಸೆಗೋ ಚರಗ ಚೆಲ್ಲಲು ಹೋದ ಅಭ್ಯಾಸ ಮನೆಯ ಹಿರಿಯರಿಗೆ ಇದ್ದೇ ಇರುತ್ತದೆ. ದಾರಿ ಗೊತ್ತು, ನೆರಳಿನ ಮರ ಗೊತ್ತು, ಪಕ್ಕದ ಹೊಲದವರು ಗೊತ್ತು. ಏನಾದರೂ ಆದರೆ ಕೂಗಿದರೆ ಕೇಳುವವರಿರುತ್ತಾರೆ.

ದುರ್ಗದಲ್ಲಿರುವವರಿಗೆ ಚಂದ್ರವಳ್ಳಿ ಹತ್ತಿರ. ಕೆರೆ, ದೊಡ್ಡ ಮರಗಳು, ಸುತ್ತ ಬಂಡೆಗುಡ್ಡ. ಕೆರೆಯ ಬದಿಯಲ್ಲೇ ನಡೆದರೆ ಸಾಕು, ಅಂಕಲಿಮಠದ ಗುಹೆಯೊಳಗೆ ಇಡೀ ಸಂಸಾರ ಇಳಿಯುವ ಆಸೆ ಬೇಡ. ಒಳಗೆ ಕತ್ತಲೆ, ಇಕ್ಕಟ್ಟು, ಮೆಟ್ಟಿಲು ತಗ್ಗು-ದಿಣ್ಣೆ. ನೋಡಲೇಬೇಕು ಅನ್ನುವ ದೊಡ್ಡವರು ಟಾರ್ಚ್ ಹಿಡಿದು, ದಾರಿ ಬಲ್ಲವರ ಜೊತೆ, ನಾಲ್ಕು ನಾಲ್ಕು ಮಂದಿಯಾಗಿ ಹೋಗಿ ಬರಲಿ. ಉಸಿರಾಟದ ತೊಂದರೆ ಇರುವವರು ಹೊರಗೇ ಇರಲಿ.

ಜೋಗಿಮಟ್ಟಿ ವನ್ಯಜೀವಿ ಧಾಮ. ಕರಡಿ, ಚಿರತೆ ಇರುವ ಕಾಡು. ಅರಣ್ಯ ಇಲಾಖೆಯ ಗೇಟಿನಲ್ಲಿ ಕೇಳಿಕೊಂಡು, ಅವರು ಹೇಳಿದ ಹೊತ್ತಿನಲ್ಲಿ ಮಾತ್ರ ಹೋಗಬೇಕು. ಕೆಳಗಿನಿಂದ ಮೇಲಿನವರೆಗೆ ನಡೆಯುವುದು ಅಜ್ಜಿ-ಮೊಮ್ಮಕ್ಕಳ ಗುಂಪಿಗೆ ಆಗದ ಮಾತು. ಮಕ್ಕಳಿಗೆ ಪ್ರಾಣಿ ತೋರಿಸಬೇಕು ಅಂದರೆ ತಪ್ಪಲಿನ ಆಡುಮಲ್ಲೇಶ್ವರದ ಕಿರು ಮೃಗಾಲಯ ಒಳ್ಳೆಯದು. ಕಲ್ಲಿನಕೋಟೆಯೂ ಅಷ್ಟೆ: ಮೊದಲ ಸುತ್ತುಗಳವರೆಗೆ ಎಲ್ಲರೂ ಹೋಗಬಹುದು, ಮೇಲಕ್ಕೆ ಹೋದಂತೆ ಮೆಟ್ಟಿಲು, ಜಾರುಬಂಡೆ. ಅದನ್ನು ನಡಿಗೆ ಅಂತ ಲೆಕ್ಕ ಹಿಡಿಯದೆ ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ದಾವಣಗೆರೆಯವರಿಗೆ ಕೊಂಡಜ್ಜಿ ಕೆರೆ ಚೆನ್ನ. ನೀರು, ಗುಡ್ಡ, ಮರ ಮೂರೂ ಇರುವ ಜಾಗ. ಚನ್ನಗಿರಿ ಕಡೆ ನೆಂಟರಿದ್ದರೆ ಸೂಳೆಕೆರೆ, ಅಂದರೆ ಶಾಂತಿಸಾಗರದ ಏರಿ. ಅಲ್ಲಿ ಗಾಡಿಗಳ ಓಡಾಟ ಇರುವುದರಿಂದ ಮಕ್ಕಳನ್ನು ಒಳಬದಿಗೆ ಹಾಕಿಕೊಂಡು ನಡೆಯಬೇಕು.

ಭದ್ರಾ ನಾಲೆಯ ದಂಡೆ ನೋಡಲು ಸಮತಟ್ಟು, ಎರಡೂ ಕಡೆ ಗದ್ದೆ, ತಂಪು ಗಾಳಿ. ಆದರೆ ಓಡುವ ಮಕ್ಕಳಿರುವ ಗುಂಪಿಗೆ ಅದನ್ನು ನಾನು ಯಾವತ್ತೂ ಹೇಳುವುದಿಲ್ಲ. ಕಾರಣ ಎಂಟನೇ ಹಂತದಲ್ಲಿದೆ.

ಹಂತ 4: ಇಬ್ಬರು ಮೊದಲೇ ಹೋಗಿ ನೋಡಿ ಬನ್ನಿ

ಎರಡು-ಮೂರು ದಿನ ಮೊದಲು, ಅದೇ ಬೆಳಗಿನ ಹೊತ್ತಿನಲ್ಲಿ ಇಬ್ಬರು ಬೈಕಿನಲ್ಲಿ ಹೋಗಿ ದಾರಿ ನಡೆದು ನೋಡಿ. ಆ ಇಬ್ಬರಲ್ಲಿ ಒಬ್ಬರು ಹೆಂಗಸಾಗಿರಲಿ. ಗಂಡಸರಷ್ಟೇ ಹೋದರೆ ನೆರಳು, ನೀರು ನೋಡಿಕೊಂಡು ಬರುತ್ತಾರೆ, ಹೆಣ್ಣುಮಕ್ಕಳು ಮೂತ್ರಕ್ಕೆ ಎಲ್ಲಿ ಹೋಗಬೇಕು ಅನ್ನುವುದು ನೋಡುವುದಿಲ್ಲ. ಮನೆಯ ಹೆಂಗಸರು "ನಾವು ಬರಲ್ಲ, ನೀವು ಹೋಗಿ ಬನ್ನಿ" ಅನ್ನುವುದರ ಹಿಂದೆ ಎಷ್ಟೋ ಸಲ ಇದೊಂದೇ ಕಾರಣ ಇರುತ್ತದೆ. ಹೇಳಿಕೊಳ್ಳುವುದಿಲ್ಲ, ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದು ಬಿಡುತ್ತಾರೆ. ಬಿಸಿಲಲ್ಲಿ ತಲೆಸುತ್ತಿ ಬೀಳುವವರೂ ಅವರೇ. ದಾರಿಯಲ್ಲಿ ಶೌಚಾಲಯ, ಪರಿಚಯದವರ ತೋಟದ ಮನೆ, ಅದೂ ಇಲ್ಲದಿದ್ದರೆ ಮರೆ ಇರುವ ಜಾಗವೊಂದನ್ನು ಗುರುತು ಮಾಡಿಕೊಳ್ಳಿ. ಒಂದು ಹಳೇ ಸೀರೆ, ನಾಲ್ಕು ಮಾರು ಹಗ್ಗ ಚೀಲದಲ್ಲಿಟ್ಟರೆ ಎರಡು ಗಿಡದ ನಡುವೆ ಮರೆ ಕಟ್ಟಬಹುದು. ಈ ಜಾಗ ಎಲ್ಲಿ ಅನ್ನುವುದನ್ನು ಹೊರಡುವ ಮುಂಚೆಯೇ ಎಲ್ಲ ಹೆಣ್ಣುಮಕ್ಕಳಿಗೂ ಹೇಳಿ.

ನೋಡಿ ಬರಬೇಕಾದ ಉಳಿದ ವಿಷಯಗಳು: ಎಲ್ಲರೂ ಒಟ್ಟಿಗೆ ಕೂರುವಷ್ಟು ನೆರಳು ಎಲ್ಲಿದೆ, ಮೊಬೈಲ್ ಸಿಗ್ನಲ್ ಎಲ್ಲಿ ತಪ್ಪುತ್ತದೆ, ಗಾಡಿ ಎಲ್ಲಿಯವರೆಗೆ ಬರುತ್ತದೆ. ಬಾಯಿ ತೆರೆದ ಬಾವಿ, ಮುಚ್ಚದ ಕೊಳವೆಬಾವಿ, ಬಂಡೆಯ ಕೆಳಗೆ ಹೆಜ್ಜೇನಿನ ಹುಟ್ಟು ಕಂಡರೆ ಆ ದಾರಿ ಬಿಟ್ಟುಬಿಡಿ. ಬೇರೆಯವರ ಹೊಲ ದಾಟಬೇಕಿದ್ದರೆ ಆಗಲೇ ಮಾಲೀಕರನ್ನು ಮಾತಾಡಿಸಿ. ಕಾಡುಹಂದಿ ಕಾಟಕ್ಕೆ ಕೆಲವರು ತಂತಿಬೇಲಿಗೆ ಕರೆಂಟ್ ಕೊಡುತ್ತಾರೆ, ಅದನ್ನು ಬಾಯಿಬಿಟ್ಟು ಕೇಳಿ ತಿಳಿಯಬೇಕು. ಔಷಧಿ ಹೊಡೆದ ಹೊಲ ಯಾವುದು ಅಂತಲೂ ಕೇಳಿ. ಮಕ್ಕಳು ಹಸಿ ಕಡಲೆ ಗಿಡ, ಅವರೆಕಾಯಿ ಕಿತ್ತು ಬಾಯಿಗೆ ಹಾಕಿಕೊಳ್ಳುವುದು ಬೇಗ.

ಹಂತ 5: ಬುತ್ತಿ ಹಿಂದಿನ ದಿನವೇ ಮುಗಿಯಲಿ

ನನ್ನ ಅನುಭವದಲ್ಲಿ ಹೆಚ್ಚಿನ ನಡಿಗೆಗಳು ಸೋಲುವುದು ಅಡುಗೆಮನೆಯಲ್ಲಿ. ಬೆಳಗಿನ ಜಾವದಿಂದ ಒಲೆ ಮುಂದೆ ನಿಂತವರು ಏಳಕ್ಕೆ ನಡೆಯಲು ಶುರು ಮಾಡಿದರೆ ಒಂಬತ್ತಕ್ಕೆ ಅವರ ಮೈ ಸೋತಿರುತ್ತದೆ. ಆಗ ಅಜ್ಜಿಗಿಂತ ಮೆಲ್ಲಗೆ ನಡೆಯುವವರು ಅವರೇ ಆಗುತ್ತಾರೆ. ಅದಕ್ಕೆ ಮನೆಯಲ್ಲಿ ಒಂದು ಕಟ್ಟು ಮಾಡಿ: ಹೊರಡುವ ದಿನ ಯಾರೂ 5 ಗಂಟೆಗೆ ಮುಂಚೆ ಏಳಬಾರದು.

ಮೊದಲ ನಡಿಗೆಗೆ ಮಧ್ಯಾಹ್ನದ ಊಟ ಹೊರಬೇಡಿ. ತಿಂಡಿ ಮಾತ್ರ. ಹತ್ತಕ್ಕೆ ಮುಗಿಸಿ ಮನೆಗೆ ಬಂದು ಬಿಸಿ ಅನ್ನ, ಸಾರು ಉಣ್ಣಬಹುದು. ಬೇಳೆ ಬೇಯಿಸಿಟ್ಟು ಹೋದರೆ ಬಂದ ಮೇಲೆ ಅರ್ಧ ಗಂಟೆಯ ಕೆಲಸ.

ಬುತ್ತಿಗೆ ಸೋರದ, ಹಳಸದ, ತಟ್ಟೆ ಬೇಡದ ಪದಾರ್ಥ ಬೇಕು. ಖಡಕ್ ಜೋಳದ ರೊಟ್ಟಿ ವಾರ ಮೊದಲೇ ಮಾಡಿಟ್ಟರೂ ಕೆಡುವುದಿಲ್ಲ, ಕೊಂಡು ತಂದರೂ ಆಯಿತು. ಹಲ್ಲಿಲ್ಲದ ಹಿರಿಯರಿಗೆ ಹಿಂದಿನ ರಾತ್ರಿ ಮಾಡಿ ಬಟ್ಟೆಯಲ್ಲಿ ಸುತ್ತಿಟ್ಟ ಚಪಾತಿ. ಜೊತೆಗೆ ಶೇಂಗಾ ಚಟ್ನಿಪುಡಿ, ಎಣ್ಣೆ ಮುಂದಾಗಿ ಮಾಡಿದ ಬದನೆಕಾಯಿ ಎಣ್ಣೆಗಾಯಿ. ಮಕ್ಕಳಿಗೆ ಮೊಸರು ಬುತ್ತಿ: ಅನ್ನಕ್ಕೆ ಹಾಲು ಹೆಚ್ಚು ಹಾಕಿ ಒಂದು ಚಮಚ ಮೊಸರು ಬೆರೆಸಿಕೊಂಡು ಹೋದರೆ ತಿನ್ನುವ ಹೊತ್ತಿಗೆ ಹದವಾಗಿರುತ್ತದೆ, ಹುಳಿಯಾಗಿರುವುದಿಲ್ಲ. ನಡುವೆ ಕೈಯಾಡಿಸಲು ಒಣ ಖಾರ ಮಂಡಕ್ಕಿ. ಮಂಡಕ್ಕಿಗೆ ತೂಕವೇ ಇಲ್ಲ, ದಾವಣಗೆರೆ ಕಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಈರುಳ್ಳಿ, ಟೊಮೆಟೊ ಮನೆಯಲ್ಲೇ ಕಲಸಿಕೊಂಡು ಹೋದರೆ ಮೆತ್ತಗಾಗುತ್ತದೆ, ಬೇರೆ ಕಟ್ಟಿಕೊಳ್ಳಿ.

ಮತ್ತೆ ಮತ್ತೆ ಆಗುವ ತಪ್ಪು ತೆಂಗಿನಕಾಯಿ ಚಟ್ನಿ. ಬಿಸಿಲು ತಾಗಿದರೆ ಎರಡು ಗಂಟೆ ತಡೆಯುವುದೂ ಅನುಮಾನ. ಇಡ್ಲಿಯ ಜೊತೆ ಅದನ್ನೇ ಕಟ್ಟಿಕೊಂಡು ಹೋಗಿ ಮಕ್ಕಳಿಗೆ ಹೊಟ್ಟೆ ಕೆಡಿಸಿದ ಮನೆಗಳು ನನಗೆ ಗೊತ್ತಿವೆ. ಇನ್ನೊಂದು ತಪ್ಪು, ತಲೆಗೆ ಆರು ರೊಟ್ಟಿ ಅಂತ ಲೆಕ್ಕ ಹಾಕುವುದು. ದೊಡ್ಡವರಿಗೆ ಮೂರು, ಮಕ್ಕಳಿಗೆ ಒಂದೂವರೆ ಸಾಕು. ಉಳಿದದ್ದನ್ನು ಹೊತ್ತು ತರುವವರೂ ನಾವೇ.

ಕೆಲಸ ಹಂಚಿ. ಅಡುಗೆ ಮಾಡಿದವರು ಪಾತ್ರೆ ತೊಳೆಯಬಾರದು, ಚೀಲ ಹೊರಬಾರದು. ನೀರು ತುಂಬುವುದು, ಡಬ್ಬಿ ಕಟ್ಟುವುದು, ಬಂದ ಮೇಲೆ ಪಾತ್ರೆ ಬೆಳಗುವುದು ಮನೆಯ ಗಂಡಸರದು, ಕಾಲೇಜು ಹುಡುಗರದು. ಇದನ್ನು ಹಿಂದಿನ ರಾತ್ರಿಯೇ ಹೆಸರು ಹಿಡಿದು ಹೇಳಿ.

ಹಂತ 6: ನೀರು, ಚಪ್ಪಲಿ, ಚೀಲ

ದೊಡ್ಡವರಿಗೆ ತಲಾ ಒಂದೂವರೆ ಲೀಟರ್, ಮಕ್ಕಳಿಗೆ ಮುಕ್ಕಾಲು ಲೀಟರ್. 17 ಜನಕ್ಕೆ 21 ಲೀಟರ್ ಆಯಿತು. ಎಲ್ಲವನ್ನೂ ಒಂದೇ ಕ್ಯಾನಿನಲ್ಲಿ ತುಂಬಿದರೆ ಹೊರಲಾರದೆ ಗಾಡಿಯಲ್ಲೇ ಬಿಟ್ಟು ಹೋಗುತ್ತೀರಿ. ತಮ್ಮ ತಮ್ಮ ಬಾಟಲಿ ತಮ್ಮ ಹತ್ತಿರ ಇರಲಿ, ಅಜ್ಜಿಯದನ್ನು ಮಾತ್ರ ಇನ್ನೊಬ್ಬರು ಹೊರಲಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಹಿಂದಿನ ಸಂಜೆಯೇ ತುಂಬಿಸಿಟ್ಟುಕೊಳ್ಳಿ. ಹೊಲದ ಬೋರ್‌ವೆಲ್ ನೀರು ಸಿಕ್ಕರೆ ಕೈಕಾಲಿಗೆ, ಕುಡಿಯಲು ಬೇಡ.

ಸಕ್ಕರೆ-ಉಪ್ಪಿನ ನೀರು ಒಂದು ಬಾಟಲಿ ಬೇರೆ ಇರಲಿ: ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ತಲೆ ಸಮ ಮಾಡಿ ಅಳೆಯಿರಿ. ಉಪ್ಪು ಹೆಚ್ಚಾದರೆ ಮಕ್ಕಳಿಗೆ ತೊಂದರೆ.

ಹೊಸ ಚಪ್ಪಲಿ ಬೇಡ. ಹವಾಯಿ ಚಪ್ಪಲಿಯೂ ಬೇಡ. ನೆಗ್ಗಿಲು ಮುಳ್ಳು, ಬಳ್ಳಾರಿ ಜಾಲಿ ಮುಳ್ಳು ಹವಾಯಿಯ ತಳವನ್ನು ನೇರ ತೂರಿ ಬರುತ್ತವೆ. ಮಕ್ಕಳಿಗೆ ಶಾಲೆಯ ಶೂ, ಹಿರಿಯರಿಗೆ ಹಿಂದೆ ಪಟ್ಟಿ ಇರುವ ಹಳೆಯ ಚಪ್ಪಲಿ.

ಒಂದು ಚೀಲದಲ್ಲಿ ಇವಿಷ್ಟು: ಮುಳ್ಳು ತೆಗೆಯಲು ಸೂಜಿ ಮತ್ತು ಚಿಮಟ, ಹತ್ತಿ, ಬ್ಯಾಂಡೇಜ್ ಬಟ್ಟೆ, ಸಾಬೂನು, ಟಾರ್ಚ್, ಸೀಟಿ, ಹಗ್ಗ, ಹಳೇ ಸೀರೆ, ಹಿರಿಯರ ಮಾತ್ರೆ, ಬೆಲ್ಲದ ಚೂರು, ಕಸಕ್ಕೆ ಖಾಲಿ ಚೀಲ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಏನೂ ತಿನ್ನದೆ ಹೊರಡಬಾರದು. ನಡೆಯುವಾಗ ಇದ್ದಕ್ಕಿದ್ದಂತೆ ಬೆವರು, ಕೈ ನಡುಕ, ಕಾರಣವಿಲ್ಲದ ಸಿಡುಕು ಕಂಡರೆ ಸಕ್ಕರೆ ಇಳಿದಿರಬಹುದು. ಕೂಡಲೇ ಕೂರಿಸಿ ಬೆಲ್ಲ ಅಥವಾ ಸಕ್ಕರೆ ಕೊಡಿ, ಆಮೇಲೆ ರೊಟ್ಟಿ.

ಹೋಗುವುದು ಹೇಗೆ? ಟ್ರ್ಯಾಕ್ಟರ್ ಟ್ರೈಲರ್‌ನಲ್ಲಿ ಮಕ್ಕಳನ್ನು, ಹಿರಿಯರನ್ನು ತುಂಬಿಕೊಂಡು ಹೋಗಬೇಡಿ, ಅದು ಜನ ಕೂರಿಸಲು ಇರುವ ಗಾಡಿಯಲ್ಲ. ಟಿಟಿ (ಟೆಂಪೊ ಟ್ರಾವೆಲರ್) ಒಂದು, ಕಾರು ಒಂದು ಆದರೆ ಸರಿಹೋಗುತ್ತದೆ. ಬಸ್ ಹೋಗುವ ಜಾಗವಾದರೆ ಸರ್ಕಾರಿ ಬಸ್ಸೇ ಒಳ್ಳೆಯದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಖರ್ಚಿಲ್ಲ, ಆಧಾರ್ ಕಾರ್ಡ್ ಮಾತ್ರ ಮರೆಯಬೇಡಿ.

ಹಂತ 7: ನಂಬರು, ಜೋಡಿ, ಮುಂದಿನವರು, ಹಿಂದಿನವರು

ಒಂದು ಸಲ ಕೆರೆಯೊಂದರ ಹತ್ತಿರ ತಲೆ ಎಣಿಸಿದೆವು. ಸರಿಯಾಗಿ 17 ಬಂತು. ನೆಮ್ಮದಿಯಿಂದ ಹೊರಟು ಅರ್ಧ ಫರ್ಲಾಂಗ್ ಬಂದ ಮೇಲೆ ನನ್ನ ತಂಗಿ ಕಿರುಚಿದಳು, ಅವಳ ಆರು ವರ್ಷದ ಮಗ ಇರಲಿಲ್ಲ. ಅಲ್ಲೇ ಆಡುತ್ತಿದ್ದ ಬೇರೆ ಮನೆಯ ಹುಡುಗನೊಬ್ಬನನ್ನು ನಮ್ಮವರಲ್ಲಿ ಸೇರಿಸಿ ಎಣಿಸಿದ್ದೆವು. ನಮ್ಮವನು ಮರದ ಬುಡದಲ್ಲಿ ಇರುವೆ ಗೂಡು ನೋಡುತ್ತಾ ಕೂತಿದ್ದ. ನೀರಿನಿಂದ ಹತ್ತು ಹೆಜ್ಜೆ ದೂರ. ಆವತ್ತಿನ ಎದೆಬಡಿತ ನನಗೆ ಇನ್ನೂ ನೆನಪಿದೆ.

ಅಂದಿನಿಂದ ನಾವು ಕಣ್ಣಲ್ಲಿ ಎಣಿಸುವುದಿಲ್ಲ. ಪ್ರತಿಯೊಬ್ಬರಿಗೂ ಒಂದು ನಂಬರು. ಅಜ್ಜಿ ಒಂದು, ದೊಡ್ಡಪ್ಪ ಎರಡು, ಹಾಗೆ 17ರವರೆಗೆ. ನಿಂತ ಪ್ರತಿ ಜಾಗದಲ್ಲೂ, ಹೊರಡುವ ಮುಂಚೆ ತಮ್ಮ ನಂಬರನ್ನು ತಾವೇ ಕೂಗಬೇಕು. ದನಿ ಬಾರದ ನಂಬರು ಯಾರದು ಅಂತ ಕೂಡಲೇ ಗೊತ್ತಾಗುತ್ತದೆ. ಮಕ್ಕಳಿಗೆ ಇದು ಆಟ.

ಹತ್ತು ವರ್ಷದೊಳಗಿನ ಪ್ರತಿ ಮಗುವಿಗೂ ಒಬ್ಬ ದೊಡ್ಡವರ ಜೋಡಿ. "ಎಲ್ಲರೂ ನೋಡ್ಕೊಳ್ರಿ" ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಆ ಜೋಡಿ ಆ ಮಗುವಿನ ಅಪ್ಪ-ಅಮ್ಮ ಆಗಬೇಕಿಲ್ಲ. ಚಿಕ್ಕಪ್ಪನ ಜೊತೆ, ಅತ್ತಿಗೆಯ ಜೊತೆ ಹಾಕಿದರೆ ಮಕ್ಕಳು ಹಟ ಮಾಡುವುದು ಕಡಿಮೆ, ತಾಯಿಗೂ ಮೂರು ಗಂಟೆ ಕೈ ಬಿಡುವು.

ಎಲ್ಲರಿಗಿಂತ ಮುಂದೆ ನಡೆಯಬೇಕಾದವರು ಎಲ್ಲರಿಗಿಂತ ಮೆಲ್ಲಗೆ ನಡೆಯುವವರು. ಅಜ್ಜಿ ಮುಂದೆ, ಅವರ ಪಕ್ಕ ದಾರಿ ಬಲ್ಲ ಒಬ್ಬರು. ಅಜ್ಜಿಯನ್ನು ಯಾರೂ ದಾಟುವಂತಿಲ್ಲ. ಹಿಂದಿದ್ದರೆ ಹಿರಿಯರು ನಮ್ಮಿಂದ ಎಲ್ಲರಿಗೂ ತಡ ಅಂತ ಸಂಕೋಚಪಟ್ಟು ಅವಸರ ಮಾಡುತ್ತಾರೆ, ಎಡವುತ್ತಾರೆ. ಮುಂದಿದ್ದಾಗ ದಾರಿ ಅವರದು. ಕೊನೆಯಲ್ಲಿ ಗಟ್ಟಿಮುಟ್ಟಾದ ಒಬ್ಬರು, ಕೈಯಲ್ಲಿ ಔಷಧಿ ಚೀಲ, ಸೀಟಿ. ಅವರ ಹಿಂದೆ ಯಾರೂ ಉಳಿಯಬಾರದು. ಒಂದು ಸೀಟಿ ಅಂದರೆ ನಿಲ್ಲಿ, ಮೂರು ಅಂದರೆ ಎಲ್ಲರೂ ಇಲ್ಲಿಗೆ ಬನ್ನಿ.

ಮೆಲ್ಲಗೆ ನಡೆದರೆ ಹುಡುಗರಿಗೆ ಬೇಸರ ಬರುತ್ತದೆ, ನಿಜ. ಅವರಿಗೆ ಕೆಲಸ ಕೊಡಿ. ತಂಗಡಿ ಹೂ ಯಾರು ಮೊದಲು ತೋರಿಸುತ್ತಾರೆ, ಕಾರೆ ಮುಳ್ಳು ಯಾವುದು, ಜಾಲಿ ಮುಳ್ಳು ಯಾವುದು ಅಂತ ಅಜ್ಜಿಯನ್ನೇ ಕೇಳಲಿ. ಯಾವ ಹೊಲದಲ್ಲಿ ಏನು ಬೆಳೆ ಅಂತ ಎಣಿಸಲಿ: ಮೆಕ್ಕೆಜೋಳ, ತೊಗರಿ, ಶೇಂಗಾ, ಈರುಳ್ಳಿ. ಡಿಸೆಂಬರ್-ಜನವರಿಯಲ್ಲಿ ಬಾರೆಹಣ್ಣು ಸಿಗುತ್ತದೆ. ದೊಡ್ಡವರು ನೋಡಿ ಕೊಟ್ಟದ್ದನ್ನು ಮಾತ್ರ ತಿನ್ನಬೇಕು ಅನ್ನುವುದು ಕಟ್ಟುನಿಟ್ಟಾಗಿರಲಿ.

ಇಪ್ಪತ್ತು ನಿಮಿಷಕ್ಕೊಮ್ಮೆ ಐದು ನಿಮಿಷ ನಿಲ್ಲಿ. ಸುಸ್ತಾಗಲಿ, ಆಮೇಲೆ ಕೂರೋಣ ಅಂತ ಕಾಯಬೇಡಿ. ಬಂಡೆಯ ಮೇಲೆ ಕೂರುವ ಮುಂಚೆ ಕೋಲಿನಿಂದ ಸುತ್ತ ತಟ್ಟಿ ನೋಡಿ, ಸಂದಿಯಲ್ಲಿ ಚೇಳು ಇರಬಹುದು. ಕಲ್ಲು ಎತ್ತಿ ನೋಡುವ ಅಭ್ಯಾಸ ಮಕ್ಕಳಿಗೆ ಬೇಡವೇ ಬೇಡ.

ಹಂತ 8: ಅಪಾಯದ ಗುರುತುಗಳು

*ನೀರು.* ಕೃಷಿಹೊಂಡ ಈಗ ಹೊಲ ಹೊಲದಲ್ಲೂ ಇದೆ. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ, ಇಳಿಜಾರು, ಪಾಚಿ. ಕಾಲು ಜಾರಿ ಒಳಗೆ ಬಿದ್ದರೆ ಈಜು ಬರುವವರಿಗೂ ಹಿಡಿದು ಮೇಲೆ ಬರಲು ಏನೂ ಇರುವುದಿಲ್ಲ. ನಾಲೆಯ ಸಿಮೆಂಟ್ ಗೋಡೆಯೂ ಹಾಗೆಯೇ, ಮೇಲೆ ನಿಂತ ನೀರಿನಂತೆ ಕಂಡರೂ ಒಳಗೆ ಸೆಳೆತ. ಕೈ ತೊಳೆಯಲು, ಚೆಂಡು ಎತ್ತಿಕೊಳ್ಳಲು, ಫೋಟೊಗೆ ಅಂತ ಯಾರೂ ಇಳಿಯಬಾರದು. ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಮೂವರು ಹೋದ ಸುದ್ದಿ ನಮ್ಮ ಜಿಲ್ಲೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಮಲಗಿಕೊಂಡು ಹಗ್ಗ, ಸೀರೆ, ಉದ್ದ ಕೋಲು ಚಾಚಿ, ಕೂಗಿ ಜನ ಸೇರಿಸಿ. ಚೀಲದಲ್ಲಿ ಹಗ್ಗ ಇಡಿ ಅಂದದ್ದು ಇದಕ್ಕೂ ಸೇರಿ.

*ಹೆಜ್ಜೇನು.* ದುರ್ಗದ ಬಂಡೆಗಳ ಚಾಚಿನ ಕೆಳಗೆ, ದೊಡ್ಡ ಮರಗಳಲ್ಲಿ ಹುಟ್ಟು ಕಟ್ಟಿರುತ್ತದೆ. ಕಲ್ಲು ಹೊಡೆಯುವುದು, ಹೊಗೆ ಹಾಕುವುದು, ಘಾಟು ಸೆಂಟು ಹಾಕಿಕೊಂಡು ಹೋಗುವುದು ಬೇಡ. ತಲೆಯ ಸುತ್ತ ಒಂದೆರಡು ಹುಳ ಗುಂಯ್‌ಗುಟ್ಟುತ್ತಾ ಬಿಡದೆ ಸುತ್ತಿದರೆ ಅದೇ ಎಚ್ಚರಿಕೆ, ಕೈ ಬೀಸದೆ ಬಂದ ದಾರಿಯಲ್ಲೇ ವಾಪಸ್ ನಡೆಯಿರಿ. ದಂಡು ಎದ್ದರೆ ಸೆರಗು, ಟವೆಲ್‌ನಿಂದ ಮುಖ ಮುಚ್ಚಿ, ಮಕ್ಕಳನ್ನು ಎತ್ತಿಕೊಂಡು ಓಡಿ ಗಾಡಿಯೊಳಗೆ ಅಥವಾ ಮನೆಯೊಳಗೆ ಸೇರಿ. ನೀರಿಗೆ ಹಾರಬೇಡಿ. ಚುಚ್ಚಿದ ಕೊಂಡಿಯನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ಉಸಿರು ಕಟ್ಟಿದಂತೆ ಆಗುವುದು, ತುಟಿ, ನಾಲಗೆ ಊದುವುದು ಕಂಡರೆ ನಿಮಿಷವೂ ಕಾಯದೆ ಆಸ್ಪತ್ರೆಗೆ.

*ಹಾವು.* ಬದುವಿನ ಹುಲ್ಲಿನಲ್ಲಿ ಕೋಲು ಬಡಿಯುತ್ತಾ ನಡೆಯಿರಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು, ನಾಟಿ ಔಷಧಿ ಹುಡುಕುವುದು ಯಾವುದೂ ಬೇಡ. ಉಂಗುರ, ಬಳೆ, ಕಾಲುಚೈನು ತೆಗೆಯಿರಿ, ಕಚ್ಚಿದ ಕೈ ಅಥವಾ ಕಾಲು ಅಲ್ಲಾಡದಂತೆ ಕೋಲಿಟ್ಟು ಸಡಿಲವಾಗಿ ಕಟ್ಟಿ, ನಡೆಸದೆ ಎತ್ತಿಕೊಂಡು ಹೋಗಿ. ಕಚ್ಚಿದ ಹೊತ್ತು ನೆನಪಿಡಿ. ಹಾವನ್ನು ಹಿಡಿಯಲು, ಕೊಲ್ಲಲು ನಿಂತು ಹೊತ್ತು ಕಳೆಯಬೇಡಿ. ಚಿತ್ರದುರ್ಗದಲ್ಲಿ ಜಿಲ್ಲಾಸ್ಪತ್ರೆ, ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆ. ಆಂಬುಲೆನ್ಸ್‌ಗೆ 108.

*ಕುರಿಮಂದೆಯ ನಾಯಿ.* ಮಂದೆ ಎದುರಾದರೆ ದೂರವೇ ನಿಂತು ಕುರಿ ಕಾಯುವವರನ್ನು ಕೂಗಿ. ಅವರು ನಾಯಿಯನ್ನು ಕರೆದುಕೊಂಡ ಮೇಲೆ ದಾಟಿ. ಮಕ್ಕಳು ಓಡಬಾರದು, ಓಡಿದರೆ ಅಟ್ಟಿಸಿಕೊಂಡು ಬರುತ್ತದೆ. ಹಲ್ಲು ತಾಗಿದರೆ ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಚುಚ್ಚುಮದ್ದಿಗೆ ಹೋಗಿ. ಗಾಯ ಚಿಕ್ಕದು ಅಂತ ಬಿಡಬೇಡಿ.

*ಕೋತಿ.* ಚಂದ್ರವಳ್ಳಿ, ಕೋಟೆ ಕಡೆ ಹೆಚ್ಚು. ಅವಕ್ಕೆ ಪ್ಲಾಸ್ಟಿಕ್ ಕವರಿನ ಸದ್ದು ಗೊತ್ತು. ತಿಂಡಿ ಬಟ್ಟೆಯ ಚೀಲದೊಳಗಿರಲಿ.

*ಬಿಸಿಲು.* ತಲೆನೋವು, ಓಕರಿಕೆ, ಮಾತು ತೊದಲುವುದು, ಮೈ ಬೆಂಕಿಯಂತೆ ಕಾದರೂ ಬೆವರು ಬಾರದಿರುವುದು. ಮೊದಲೆರಡು ಕಂಡಾಗಲೇ ನೆರಳಿಗೆ ಕೂರಿಸಿ, ಒದ್ದೆ ಬಟ್ಟೆ ಹಾಕಿ, ಸಕ್ಕರೆ-ಉಪ್ಪಿನ ನೀರು ಕೊಡಿ. ಮಾತು ತೊದಲಿದರೆ ಏನೂ ಕುಡಿಸಬೇಡಿ, ಮೈ ತಣ್ಣಗೆ ಮಾಡುತ್ತಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಹಂತ 9: ತಿರುಗುವ ಹೊತ್ತಿಗೆ ತಿರುಗಿ

ನಮ್ಮ ಲೆಕ್ಕದಲ್ಲಿ 8.10ಕ್ಕೆ ತಿಂಡಿಯ ಜಾಗ ಸೇರಬೇಕು, 8.55ಕ್ಕೆ ಅಲ್ಲಿಂದ ಏಳಬೇಕು. 8.10 ಆದರೂ ಆ ಜಾಗ ಬರದಿದ್ದರೆ ಅಲ್ಲೇ ನೆರಳು ನೋಡಿ ಕೂತುಬಿಡಿ. ಇಲ್ಲೇ ಹತ್ತಿರ ಇದೆ, ಇನ್ನೊಂದು ಸ್ವಲ್ಪ ಅನ್ನುವ ಮಾತಿಗೆ ಕಿವಿಗೊಡಬೇಡಿ. ಆ ಸ್ವಲ್ಪವನ್ನು ಬಿಸಿಲಿನಲ್ಲಿ ವಾಪಸ್ ನಡೆಯಬೇಕು. ತಿರುಗುವ ಹೊತ್ತನ್ನು ಹೇಳುವ ಅಧಿಕಾರ ಒಬ್ಬರಿಗೆ ಕೊಡಿ, ಅವರು ಏಳಿ ಅಂದರೆ ಮನೆಯ ಯಜಮಾನರೂ ಏಳಬೇಕು. ನಮ್ಮಲ್ಲಿ ಅದು ಚಿಕ್ಕಮ್ಮನ ಕೆಲಸ. ದೊಡ್ಡಪ್ಪ ಒಮ್ಮೆಯೂ ಎದುರಾಡಿಲ್ಲ.

ಹೊತ್ತಿಗೆ ಮುಂಚೆಯೇ ತಿರುಗಬೇಕಾದ ಗುರುತುಗಳೂ ಇವೆ. ಹಿರಿಯರು ಮಾತು ನಿಲ್ಲಿಸುತ್ತಾರೆ. ಮಗು ಎರಡು ಸಲ ಎಡವುತ್ತದೆ. ನೀರು ಅರ್ಧಕ್ಕಿಂತ ಕಡಿಮೆಯಾಗಿರುತ್ತದೆ. ಯಾರೋ ಒಬ್ಬರು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿರುತ್ತಾರೆ. ಇವುಗಳಲ್ಲಿ ಒಂದು ಕಂಡರೂ ಸಾಕು. ಅಜ್ಜಿಯನ್ನು ಕೇಳಿದರೆ "ನನಗೇನಾಗಿಲ್ಲ, ನಡೀರಿ" ಅಂತಲೇ ಅನ್ನುತ್ತಾರೆ. ಮಾತು ಕೇಳಬೇಡಿ, ಹೆಜ್ಜೆ ನೋಡಿ.

ತಿಂದ ಜಾಗದಲ್ಲಿ ಎಲೆ, ಕವರ್, ಬಾಳೆಹಣ್ಣಿನ ಸಿಪ್ಪೆ ಏನೂ ಉಳಿಯದಂತೆ ಚೀಲಕ್ಕೆ ತುಂಬಿ. ಹೊಲದಲ್ಲಿ ಬಿಟ್ಟ ಪ್ಲಾಸ್ಟಿಕ್ಕನ್ನು ದನ ತಿನ್ನುತ್ತದೆ.

ಹಂತ 10: ಮನೆಗೆ ಬಂದ ಮೇಲೆ

ಬಾಗಿಲಲ್ಲೇ ಕೊನೆಯ ಸಲ ನಂಬರು ಕೂಗಿಸಿ. ಮಕ್ಕಳ ಬಟ್ಟೆ ಬಿಚ್ಚಿಸಿ ಕಂಕುಳು, ಕಿವಿಯ ಹಿಂದೆ, ತೊಡೆಸಂದಿ ನೋಡಿ, ಕುರಿ-ದನ ಓಡಾಡಿದ ಜಾಗವಾದರೆ ಉಣುಗು ಹತ್ತಿರಬಹುದು. ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ, ಕೈಯಲ್ಲಿ ಹಿಸುಕಬೇಡಿ. ಅಂಗಾಲಿನ ಮುಳ್ಳು ಅವತ್ತೇ ತೆಗೆಯಿರಿ, ರಾತ್ರಿ ಕಳೆದರೆ ಒಳಗೆ ಸೇರುತ್ತದೆ. ಹಿರಿಯರ ಕಾಲಿಗೆ ಬಿಸಿನೀರು ಕಾಯಿಸಿ ಕೊಡುವ ಕೆಲಸ ಮೊಮ್ಮಕ್ಕಳಿಗೆ ವಹಿಸಿ.

ಊಟಕ್ಕೆ ಕೂರುವ ಮುಂಚೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಎಷ್ಟಕ್ಕೆ ಹೊರಟೆವು, ಎಷ್ಟು ದೂರ ಹೋದೆವು, ಎಷ್ಟು ನೀರು ಉಳಿಯಿತು, ಎಷ್ಟು ರೊಟ್ಟಿ ಮಿಕ್ಕವು, ಯಾರಿಗೆ ಎಲ್ಲಿ ನೋವು ಬಂತು. ಮರುದಿನ ಬೆಳಿಗ್ಗೆ ಅಜ್ಜಿ ಎಂದಿನ ಹೊತ್ತಿಗೆ ಎದ್ದು ಅಂಗಳಕ್ಕೆ ಬಂದರೆ ಮುಂದಿನ ಸಲಕ್ಕೆ 300 ಮೀಟರ್ ಸೇರಿಸಿ. ಹಾಸಿಗೆಯಲ್ಲೇ ಕಾಲು ಒತ್ತಿಸಿಕೊಳ್ಳುತ್ತಿದ್ದರೆ 300 ಮೀಟರ್ ಕಳೆಯಿರಿ.